ಎಮ್ಮೆಯ ಲಸಿಕೆ ಲೆಕ್ಕ ಸಿಗುತ್ತದೆ, ಎಮ್ಮೆ ಸಾಕಿದವರದ್ದು?

ನಿಮ್ಮ ಕೊಟ್ಟಿಗೆಗೆ ಹೋಗಿ ಎಮ್ಮೆಯ ಕಿವಿ ನೋಡಿ. ಹಳದಿ ಬಿಲ್ಲೆಯೊಂದು ನೇತಾಡುತ್ತಿರುತ್ತದೆ. ಅದರ ಮೇಲೆ 12 ಅಂಕಿಗಳಿವೆ. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಪಶು ಇಲಾಖೆಯವರು ಬಂದಾಗ ಆ ಅಂಕಿಯ ಹೆಸರಿನಲ್ಲೇ ಲೆಕ್ಕ ಬರೆದುಕೊಳ್ಳುತ್ತಾರೆ. ಯಾವ ದನಕ್ಕೆ, ಯಾವ ದಿನ, ಯಾವ ಲಸಿಕೆ ಎಂಬುದೆಲ್ಲ ಅದರಡಿ ದಾಖಲಾಗುತ್ತದೆ. ಸಂತೆಯಲ್ಲಿ ಎಮ್ಮೆ ಮಾರಿದರೂ ಬಿಲ್ಲೆ ಎಮ್ಮೆಯ ಜೊತೆಗೇ ಹೋಗುತ್ತದೆ, ಲೆಕ್ಕವೂ ಹೋಗುತ್ತದೆ.

ಈಗ ಎಮ್ಮೆಯ ಯಜಮಾನರನ್ನು ಕೇಳಿ. ಕೊನೆಯ ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿಕೊಂಡಿರಿ? ಮಂಗನ ಕಾಯಿಲೆಗೆ ಎಷ್ಟು ಡೋಸ್ ಆಗಿತ್ತು? "ಯಾವತ್ತೋ ಚುಚ್ಚಿದ್ರು" ಎಂಬ ಉತ್ತರ ಬರುತ್ತದೆ. ಕೋವಿಡ್ ಲಸಿಕೆಯೊಂದನ್ನು ಬಿಟ್ಟರೆ ದೊಡ್ಡವರ ಲಸಿಕೆಯ ಲೆಕ್ಕ ಒಂದೇ ಕಡೆ ಸಿಗುವ ವ್ಯವಸ್ಥೆ ನಮ್ಮಲ್ಲಿಲ್ಲ.

ಈ ಲೇಖನ ಜೈವಿಕ ಭಯೋತ್ಪಾದನೆಯ ಬಗ್ಗೆ. ಅಂದರೆ ರೋಗಾಣುವನ್ನು ಬೇಕೆಂದೇ ಗಾಳಿಗೋ ನೀರಿಗೋ ಊಟಕ್ಕೋ ಸೇರಿಸಿ ಜನರನ್ನು ಕಾಯಿಲೆ ಬೀಳಿಸುವುದು. ಎಮ್ಮೆಯಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಇಂಥ ದಾಳಿಗೆ ದೇಶ ಸಿದ್ಧವಾಗಬೇಕು ಎಂದ ಕೂಡಲೇ ಟಿವಿಯಲ್ಲಿ ಬಿಳಿ ದಿರಿಸು ತೊಟ್ಟ ಕಮಾಂಡೊಗಳ ಅಣಕು ಪ್ರದರ್ಶನ ತೋರಿಸುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಯಾರಿಗೆ ಯಾವ ಲಸಿಕೆ ಆಗಿದೆ ಎಂಬ ಪುಸ್ತಕವೇ ಮೊದಲ ಸಿದ್ಧತೆ. ಆ ಪುಸ್ತಕ ಮಾಮೂಲಿ ದಿನಗಳಲ್ಲಿ ಸರಿ ಇದ್ದರಷ್ಟೇ ಕೆಟ್ಟ ದಿನಕ್ಕೆ ಒದಗುತ್ತದೆ. ಅದನ್ನು ಬರೆಯುವವರು ಕಮಾಂಡೊಗಳಲ್ಲ, ನಿಮ್ಮ ಕೇರಿಯ ಆಶಾ ಕಾರ್ಯಕರ್ತೆ.

"ಇದೆಲ್ಲ ದಿಲ್ಲಿ, ಅಮೆರಿಕದ ಕಥೆ, ಹಳ್ಳಿಗೂ ಇದಕ್ಕೂ ಏನು ಸಂಬಂಧ" ಎನ್ನುವವರಿಗೆ ಒಂದು ವಿಷಯ. ಕೆಟ್ಟವರ ಕೈಗೆ ಸಿಕ್ಕರೆ ಅಪಾಯ ಎಂದು ಅಮೆರಿಕ ಸರ್ಕಾರ ಕೆಲವು ರೋಗಾಣುಗಳ ಪಟ್ಟಿ ಮಾಡಿದೆ. ಅವನ್ನು ಇಟ್ಟುಕೊಳ್ಳುವ ಪ್ರಯೋಗಾಲಯಗಳಿಗೆ ಬಿಗಿ ಕಾನೂನಿದೆ. ಆಂಥ್ರಾಕ್ಸ್, ಪ್ಲೇಗ್, ಸಿಡುಬು, ಎಬೋಲಾ ಇರುವ ಆ ಪಟ್ಟಿಯಲ್ಲಿ ಕ್ಯಾಸನೂರು ಕಾಡಿನ ಕಾಯಿಲೆಯ ವೈರಸ್ಸೂ ಸೇರಿದೆ. ಕ್ಯಾಸನೂರು ಇರುವುದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿ. 1957ರಲ್ಲಿ ಅಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಕಾಡಿಗೆ ಹೋದವರಿಗೆ ಜ್ವರ ಬಂದು, ಪುಣೆಯ ವಿಜ್ಞಾನಿಗಳು ಹೊಸ ವೈರಸ್ ಪತ್ತೆ ಮಾಡಿದರು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಸೌದೆಗೆ, ಸೊಪ್ಪಿಗೆ ಹೋದವರಿಗೆ ಉಣ್ಣೆ ಕಚ್ಚಿ ಬರುವ ಈ ಕಾಯಿಲೆಯ ಹೆಸರು ಸಮುದ್ರದಾಚೆಯ ಭದ್ರತಾ ಪಟ್ಟಿಯಲ್ಲಿದೆ. ಆದರೆ ಅದರ ಲಸಿಕೆ ಪಡೆದವರ ಪಟ್ಟಿ ನಮ್ಮ ಊರುಗಳಲ್ಲಿ ಯಾವ ಸ್ಥಿತಿಯಲ್ಲಿದೆ? ಆ ಮಾತಿಗೆ ಆಮೇಲೆ ಬರುತ್ತೇವೆ. ಅದಕ್ಕೂ ಮೊದಲು ಈ ಯೋಚನೆ ಹುಟ್ಟಿದ ಜಾಗ ನೋಡೋಣ.

ಅಮೆರಿಕದಲ್ಲಿ 1989ರಿಂದ 1991ರವರೆಗೆ ದಡಾರ ಹಬ್ಬಿತು. ಸುಮಾರು 55 ಸಾವಿರ ಜನರಿಗೆ ಬಂತು, 120ಕ್ಕೂ ಹೆಚ್ಚು ಜನ ಸತ್ತರು. ಲಸಿಕೆ ಇರಲಿಲ್ಲವೇ? ಬೇಕಾದಷ್ಟು ಇತ್ತು. ಯಾವ ಮಗುವಿಗೆ ಆಗಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಒಂದು ಡೋಸ್ ಈ ಡಾಕ್ಟರ ಬಳಿ, ಇನ್ನೊಂದು ಆ ಕ್ಲಿನಿಕ್‌ನಲ್ಲಿ, ಮನೆ ಬದಲಾಯಿಸಿದ ಮೇಲೆ ಮೂರನೆಯದು ಇಲ್ಲವೇ ಇಲ್ಲ. ಆ ಪೆಟ್ಟು ತಿಂದ ಮೇಲೆ ಅಲ್ಲಿನ ರಾಜ್ಯಗಳು ಲಸಿಕೆ ನೋಂದಣಿ ಎಂಬ ಕಂಪ್ಯೂಟರ್ ರಿಜಿಸ್ಟರ್ ಕಟ್ಟತೊಡಗಿದವು. ಯಾವ ಆಸ್ಪತ್ರೆಯಲ್ಲಿ ಹಾಕಿಸಿದರೂ ಮಗುವಿನ ಹೆಸರಿನಡಿ ಒಂದೇ ಕಡೆ ಸೇರಬೇಕು ಎಂಬುದು ಉದ್ದೇಶ. ಆಗ ಭಯೋತ್ಪಾದನೆಯ ಮಾತೇ ಇರಲಿಲ್ಲ.

2001ರ ಸೆಪ್ಟೆಂಬರ್ 11ರ ದಾಳಿ ನಡೆದ ಒಂದೇ ವಾರದಲ್ಲಿ ಅಲ್ಲಿ ಅಂಚೆಯಲ್ಲಿ ಪುಡಿ ತುಂಬಿದ ಲಕೋಟೆಗಳು ಹೊರಟವು. ಪುಡಿಯಲ್ಲಿದ್ದದ್ದು ಆಂಥ್ರಾಕ್ಸ್, ನಮ್ಮಲ್ಲಿ ದನಕ್ಕೆ ಬರುವ ನೆರಡಿ ರೋಗದ ಅಣುವೇ. ಪತ್ರಿಕಾ ಕಚೇರಿಗಳಿಗೆ, ಸಂಸದರಿಗೆ ಹೋದ ಆ ಲಕೋಟೆಗಳಿಂದ 22 ಮಂದಿಗೆ ಕಾಯಿಲೆ ಬಂತು, 5 ಮಂದಿ ಸತ್ತರು. ಸತ್ತವರಲ್ಲಿ ಇಬ್ಬರು ಅಂಚೆ ವಿಂಗಡಿಸುವ ನೌಕರರು. ಕಾಗದ ಬರೆದವನ ಜಗಳ ಯಾರ ಜೊತೆಗೋ, ಪ್ರಾಣ ಹೋದದ್ದು ಟಪಾಲು ಚೀಲ ಎತ್ತುವವರದ್ದು. ವರ್ಷಗಟ್ಟಲೆ ತನಿಖೆ ನಡೆಸಿದ ಅಲ್ಲಿನ ಪೊಲೀಸರು ಕೊನೆಗೆ ಬೆರಳು ತೋರಿಸಿದ್ದು ಅವರದೇ ಸೇನಾ ಪ್ರಯೋಗಾಲಯದ ವಿಜ್ಞಾನಿಯತ್ತ. ಆತ ವಿಚಾರಣೆಗೆ ಮೊದಲೇ ಆತ್ಮಹತ್ಯೆ ಮಾಡಿಕೊಂಡಿದ್ದ.

ಇದಾದ ಮೇಲೆ ಅವರಿಗೆ ಸಿಡುಬಿನ ಭಯ ಹಿಡಿಯಿತು. ಸಿಡುಬು ಜಗತ್ತಿನಿಂದ ಹೋಯಿತು ಎಂದು 1980ರಲ್ಲೇ ಘೋಷಣೆಯಾಗಿದ್ದರೂ ವೈರಸ್ ಅನ್ನು ಎರಡು ಕಡೆ ಬೀಗ ಹಾಕಿ ಇಟ್ಟಿದ್ದಾರೆ, ಒಂದು ಅಮೆರಿಕದ ಅಟ್ಲಾಂಟಾದಲ್ಲಿ, ಇನ್ನೊಂದು ರಷ್ಯಾದ ಕೋಲ್ತ್ಸೊವೊದಲ್ಲಿ. ಅದು ಹೊರಗೆ ಬಂದರೆ? 2002ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಬುಷ್ ಯೋಜನೆ ಪ್ರಕಟಿಸಿದರು. ಮೊದಲ ಹಂತದಲ್ಲಿ ಸುಮಾರು 5 ಲಕ್ಷ ಆರೋಗ್ಯ ಸಿಬ್ಬಂದಿಗೆ ಸಿಡುಬಿನ ಲಸಿಕೆ ಹಾಕಬೇಕಿತ್ತು.

ರಿಜಿಸ್ಟರ್ ಯಾಕೆ ಬೇಕು ಎಂಬುದು ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಸಿಡುಬಿನ ಲಸಿಕೆ ಚುಚ್ಚಿ ಕಳಿಸಿದರೆ ಕೆಲಸ ಮುಗಿಯುವುದಿಲ್ಲ. ಒಂದು ವಾರದ ಹೊತ್ತಿಗೆ ಚುಚ್ಚಿದ ಜಾಗ ನೋಡಬೇಕು, ಗುಳ್ಳೆ ಎದ್ದಿದ್ದರೆ ಹತ್ತಿದೆ, ಇಲ್ಲದಿದ್ದರೆ ಮತ್ತೆ ಹಾಕಬೇಕು. ಗರ್ಭಿಣಿಗೆ ಹಾಕುವಂತಿಲ್ಲ, ಇಸುಬು ಇದ್ದವರಿಗೆ, ಎಚ್‌ಐವಿ ಇದ್ದವರಿಗೆ, ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರಿಗೆ ಹಾಕುವಂತಿಲ್ಲ. ಯಾವ ಬ್ಯಾಚಿನ ಬಾಟಲಿಯಿಂದ ಯಾರಿಗೆ ಹೋಯಿತು, ಯಾರಿಗೆ ತೊಂದರೆಯಾಯಿತು ಎಂಬುದೂ ಬೇಕು. ನಾಳೆ ದಾಳಿಯೇ ಆದರೆ ಮುಂದೆ ನಿಂತು ಕೆಲಸ ಮಾಡಬಲ್ಲವರು ಇವರು ಎಂದು ಬೆರಳಿಟ್ಟು ತೋರಿಸಬೇಕು. ಇಷ್ಟನ್ನೂ ಬಿಡಿ ಹಾಳೆಯಲ್ಲಿ ಇಡಲಾಗುವುದಿಲ್ಲ. ಕೆಲವು ರಾಜ್ಯಗಳು ಮಕ್ಕಳ ಲಸಿಕೆಯ ರಿಜಿಸ್ಟರನ್ನೇ ದೊಡ್ಡವರಿಗೂ ವಿಸ್ತರಿಸಿದವು. ಉಳಿದವಕ್ಕೆ ಕೇಂದ್ರದವರು ಇದಕ್ಕೆಂದೇ ಬೇರೆ ತಂತ್ರಾಂಶ ಕೊಟ್ಟರು.

ಲಸಿಕೆ ಹಾಕಿಸಿಕೊಂಡವರು ಎಷ್ಟು? 5 ಲಕ್ಷದಲ್ಲಿ 40 ಸಾವಿರದ ಒಳಗೆ. ಕೆಲವರಿಗೆ ಹೃದಯದ ಉರಿಯೂತ ಕಾಣಿಸಿತು. ತೊಂದರೆಯಾದರೆ ಪರಿಹಾರ ಯಾರು ಕೊಡುತ್ತಾರೆ ಎಂದು ನರ್ಸುಗಳು ಕೇಳಿದರೆ ಉತ್ತರ ಇರಲಿಲ್ಲ. ಪರಿಹಾರದ ಕಾನೂನು ಬಂದದ್ದು ಲಸಿಕೆ ಶುರುವಾಗಿ ಮೂರು ತಿಂಗಳಾದ ಮೇಲೆ. ಅಷ್ಟರಲ್ಲಿ ಜನ ಹಿಂದೆ ಸರಿದಿದ್ದರು. ಲೆಕ್ಕದ ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಜನಕ್ಕೆ ನಂಬಿಕೆ ಇಲ್ಲದಿದ್ದರೆ ಪುಟ ಖಾಲಿ.

ಆ ದುಡ್ಡೆಲ್ಲ ದಂಡ ಎಂದು ಬರೆದುಬಿಡಬಹುದಿತ್ತು. ಆದರೆ 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಬಂತು. ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ಮುಳುಗಿತು, ಲಕ್ಷಾಂತರ ಜನ ಉಟ್ಟ ಬಟ್ಟೆಯಲ್ಲೇ ಪಕ್ಕದ ಟೆಕ್ಸಾಸ್‌ನ ಹ್ಯೂಸ್ಟನ್ ಸೇರಿದರು. ಮಕ್ಕಳನ್ನು ಶಾಲೆಗೆ ಸೇರಿಸಲು ಲಸಿಕೆ ದಾಖಲೆ ಕಡ್ಡಾಯ. ಕಾರ್ಡು ನೀರುಪಾಲು. ಆಗ ಹ್ಯೂಸ್ಟನ್ನಿನ ರಿಜಿಸ್ಟರನ್ನು ಲೂಸಿಯಾನಾದ ರಿಜಿಸ್ಟರಿಗೆ ಜೋಡಿಸಿದರು. ಸಾವಿರಾರು ಮಕ್ಕಳ ಲೆಕ್ಕ ಸಿಕ್ಕಿತು, ಆಗಲೇ ಆಗಿದ್ದ ಲಸಿಕೆಯನ್ನು ಮತ್ತೆ ಚುಚ್ಚುವುದು ತಪ್ಪಿತು. ದಡಾರಕ್ಕೆಂದು ಕಟ್ಟಿದ ಪುಸ್ತಕ ನೆರೆಗೆ ಬಂತು. ಈ ಕೆಲಸದ ಸ್ವಭಾವವೇ ಹೀಗೆ, ಯಾವ ಆಪತ್ತಿಗೆ ಒದಗುತ್ತದೆ ಎಂದು ಮೊದಲೇ ಹೇಳಲಾಗದು.

ಇನ್ನೊಂದು ಹಳೆಯ ಪ್ರಕರಣ. 1984ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಒಂದು ಸಣ್ಣ ಊರಲ್ಲಿ 751 ಜನರಿಗೆ ವಾಂತಿ ಭೇದಿ. ಪುಣೆಯಿಂದ ಅಲ್ಲಿಗೆ ಹೋಗಿ ನೆಲೆಸಿದ್ದ ರಜನೀಶ್ ಆಶ್ರಮದ ಕೆಲವು ಮುಂದಾಳುಗಳು ಹೋಟೆಲುಗಳ ಹಸಿ ತರಕಾರಿಗೆ ಸಾಲ್ಮೊನೆಲ್ಲಾ ಎಂಬ ಅಣು ಬೆರೆಸಿದ್ದರು. ಸ್ಥಳೀಯ ಚುನಾವಣೆಯಲ್ಲಿ ಎದುರಾಳಿಗಳು ಮತ ಹಾಕಲು ಬರಬಾರದು ಎಂಬ ಲೆಕ್ಕಾಚಾರ. (ನಮ್ಮ ಪಂಚಾಯಿತಿ ಚುನಾವಣೆಯ ಬಾಡೂಟವೇ ಎಷ್ಟೋ ವಾಸಿ.) ಅದು ಬೇಕೆಂದೇ ಮಾಡಿದ್ದು ಎಂದು ಗೊತ್ತಾಗಲು ಒಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಅಡುಗೆಯವರ ಕೈ ಕೊಳಕು ಎಂದೇ ಅಧಿಕಾರಿಗಳು ಅಂದುಕೊಂಡಿದ್ದರು. ಸಾಲ್ಮೊನೆಲ್ಲಾಕ್ಕೂ ಲಸಿಕೆ ರಿಜಿಸ್ಟರಿಗೂ ನೇರ ಸಂಬಂಧ ಇಲ್ಲ, ನಿಜ. ಇದನ್ನು ಹೇಳಿದ್ದು ಬೇರೆ ಕಾರಣಕ್ಕೆ. ದಾಳಿಯ ಕಾಯಿಲೆ ಬೋರ್ಡು ಹಾಕಿಕೊಂಡು ಬರುವುದಿಲ್ಲ. ಉಪಕೇಂದ್ರದ ಸಿಸ್ಟರ್ ಮುಂದೆ ಬಂದು ಕೂರುವುದು ಜ್ವರ, ವಾಂತಿ, ಗುಳ್ಳೆ ಅಷ್ಟೇ. ಪ್ರಕೃತಿ ಕಳಿಸಿದ್ದೋ ಮನುಷ್ಯ ಕಳಿಸಿದ್ದೋ ಎಂದು ಕಾಯುತ್ತ ಕೂರಲಾಗದು. ಮೊದಲ ದಿನದ ಪ್ರಶ್ನೆ ಎರಡಕ್ಕೂ ಒಂದೇ. ಈ ಊರಲ್ಲಿ ಯಾರಿಗೆ ರಕ್ಷಣೆ ಇದೆ, ಯಾರಿಗೆ ಇಲ್ಲ, ಅವರ ಮನೆ ಎಲ್ಲಿ?

ಈ ಪ್ರಶ್ನೆಗೆ ಉತ್ತರ ಹುಡುಕುವುದು ನಮ್ಮ ದೇಶಕ್ಕೆ ಹೊಸದಲ್ಲ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ತೋಳು ನೋಡಿ, ಸಿಡುಬಿನ ಲಸಿಕೆಯ ಗುರುತು ಇರುತ್ತದೆ. ಆ ಗುರುತೇ ಆಗಿನ ರಿಜಿಸ್ಟರ್. 1974ರಲ್ಲಿ ಬಿಹಾರದಲ್ಲಿ ಸಿಡುಬು ಭೀಕರವಾಗಿದ್ದಾಗ ಆರೋಗ್ಯ ಸಿಬ್ಬಂದಿ ಕೈಯಲ್ಲಿ ಗುಳ್ಳೆ ಎದ್ದ ಮಗುವಿನ ಚಿತ್ರ ಹಿಡಿದು ಮನೆ ಮನೆ ಹುಡುಕಿದರು. ಕಾಯಿಲೆ ತೋರಿಸಿಕೊಟ್ಟವರಿಗೆ ಬಹುಮಾನ ಇತ್ತು, ಕೊನೆಯಲ್ಲಿ ಅದನ್ನು 1000 ರೂಪಾಯಿಗೆ ಏರಿಸಿದ್ದರು. ಒಂದು ಮನೆಯಲ್ಲಿ ಸಿಡುಬು ಸಿಕ್ಕಿದರೆ ಬಾಗಿಲಿಗೆ ಕಾವಲು ಹಾಕಿ, ಸುತ್ತಲಿನ ಮನೆಗಳ ಎಲ್ಲರ ಹೆಸರು ಬರೆದು, ಆ ಪಟ್ಟಿ ಹಿಡಿದೇ ಲಸಿಕೆ ಹಾಕಿದರು. ಹೊಲಕ್ಕೆ ಹೋಗಿದ್ದವರು, ನೆಂಟರ ಮನೆಗೆ ಹೋಗಿದ್ದವರು ಪಟ್ಟಿಯಲ್ಲಿ ಬಾಕಿ ಉಳಿಯುತ್ತಿದ್ದರು. ರಾತ್ರಿ ಮತ್ತೆ ಬಂದು ಅವರಿಗೂ ಹಾಕುತ್ತಿದ್ದರು. 1975ರ ಮೇ ತಿಂಗಳಲ್ಲಿ ಅಸ್ಸಾಮಿನಲ್ಲಿ ಸಿಕ್ಕ ರೋಗಿಯೇ ಭಾರತದ ಕೊನೆಯ ಸಿಡುಬು ರೋಗಿ. ಕಂಪ್ಯೂಟರ್ ಇರಲಿಲ್ಲ. ಹೆಸರಿನ ಪಟ್ಟಿ ಇತ್ತು, ಪಟ್ಟಿ ಹಿಡಿದು ನಡೆಯುವ ಕಾಲುಗಳಿದ್ದವು.

ಕೆಲವೇ ವರ್ಷಗಳಲ್ಲಿ ಸಿಡುಬಿನ ಲಸಿಕೆ ನಿಂತಿತು. ಈಗ ನಲವತ್ತರ ಕೆಳಗಿನ ಯಾರ ತೋಳಿನಲ್ಲೂ ಆ ಗುರುತು ಇಲ್ಲ. ಇರುವುದು ಬಿಸಿಜಿಯ ಕಲೆ, ಅದು ಕ್ಷಯಕ್ಕೆ. ಅಂದರೆ ನಮ್ಮ ತಲೆಮಾರಿನವರ ಮೈಮೇಲೆ ಓದಬಹುದಾದ ಲೆಕ್ಕ ಯಾವುದೂ ಉಳಿದಿಲ್ಲ. ಪುಸ್ತಕ ನೋಡಬೇಕು, ಇಲ್ಲವೇ ಫೋನ್ ನೋಡಬೇಕು.

ಫೋನಿನ ಪುಸ್ತಕ ಬಂದಿದೆ. ಹೆಸರು ಯು-ವಿನ್. ಕೋವಿಡ್‌ನಲ್ಲಿ ಕೋವಿನ್ ಇದ್ದ ಹಾಗೆ ಇದು ಮಾಮೂಲಿ ಲಸಿಕೆಗೆ. 2023ರಲ್ಲಿ ರಾಜ್ಯಕ್ಕೆ ಎರಡು ಜಿಲ್ಲೆಯಂತೆ ಪ್ರಯೋಗ ಮಾಡಿ, ಆಮೇಲೆ ದೇಶಕ್ಕೆಲ್ಲ ತಂದರು. ಗರ್ಭಿಣಿಯರ, ಹುಟ್ಟಿದಂದಿನಿಂದ 16 ವರ್ಷದವರೆಗಿನ ಮಕ್ಕಳ ಲಸಿಕೆ ಅದರಲ್ಲಿ ಸೇರುತ್ತದೆ. ಮುಂದಿನ ಡೋಸ್ ಯಾವಾಗ ಎಂದು ಮೊಬೈಲಿಗೆ ಸಂದೇಶ ಬರುತ್ತದೆ, ಬೇರೆ ಊರಿಗೆ ಹೋದರೂ ಅಲ್ಲೇ ಹಾಕಿಸಬಹುದು. ಒಳ್ಳೆಯ ಯೋಜನೆ. ನಾವು ಇದನ್ನು ಹೊಗಳಲು ಹಿಂಜರಿಯುವುದಿಲ್ಲ.

ಆದರೆ ನಾವು ಜಿಲ್ಲೆ ಸುತ್ತುವವರು, ಪೋರ್ಟಲ್ಲಿಗಿಂತ ಹೆಚ್ಚು ಅಂಗನವಾಡಿ ಜಗುಲಿ ನೋಡಿದವರು. ಒಂದು ಲಸಿಕೆ ದಿನ ಕಾಡಂಚಿನ ಊರೊಂದರಲ್ಲಿ ಕೂತಿದ್ದೆವು. ಆಶಾ ಅಕ್ಕ ಮೊದಲು ರಿಜಿಸ್ಟರಿನಲ್ಲಿ ಬರೆದರು, ಆಮೇಲೆ ತಾಯಿ ಕಾರ್ಡಿನಲ್ಲಿ, ಆಮೇಲೆ ಇನ್ನೊಂದು ನಕಲು ಪುಸ್ತಕದಲ್ಲಿ. ನೆಟ್‌ವರ್ಕ್ ಇಲ್ಲ. ಸಿಸ್ಟರ್ ಸಂಜೆ ಗುಡ್ಡದ ಮೇಲಿನ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ಫೋನಿಗೆ ಹಾಕುತ್ತಾರಂತೆ. "ಮೂರು ಸಲ ಬರೀತೀವಿ ಮಾರಾಯ್ರೆ, ತಪ್ಪಾದ್ರೆ ನಮ್ಮದೇ ತಪ್ಪು" ಎಂದರು ಆಶಾ ಅಕ್ಕ. ಪೋರ್ಟಲಿನಲ್ಲಿ ಏರದಿದ್ದರೆ ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ ಸಿಗುವುದಿಲ್ಲ ಎಂಬುದು ರಾಜ್ಯದ ಆಶಾ ಕಾರ್ಯಕರ್ತೆಯರ ಹಳೆಯ ದೂರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ಅವರು ಕೇಳಿದ್ದರಲ್ಲಿ ಇದೂ ಇತ್ತು. ದೇಶದ ಭದ್ರತೆಯ ಪುಸ್ತಕ ಬರೆಯುವವರಿಗೆ ಬರೆದ ಕೂಲಿಯೇ ಖಾತ್ರಿ ಇಲ್ಲ.

ಅದೇ ದಿನ ಅಡಿಕೆ ಕೊಯ್ಲಿಗೆ ಬಂದಿದ್ದ ಒಂದು ಕುಟುಂಬವೂ ಬಂತು. ಮಗುವಿಗೆ ಒಂದೂವರೆ ವರ್ಷವಂತೆ. ತಾಯಿ ಕಾರ್ಡ್ ಊರಿನ ಟ್ರಂಕಿನಲ್ಲಿ. ನೋಂದಾಯಿಸಿದ ಮೊಬೈಲ್ ನಂಬರ್ ಗಂಡನದು, ಆ ಸಿಮ್ ಈಗ ಇಲ್ಲ. ಹುಡುಕಿದರೆ ಅದೇ ಹೆಸರಿನ ಮಕ್ಕಳು ಹತ್ತಾರು. ಕೊನೆಗೆ ಹೊಸದಾಗಿ ನೋಂದಣಿ ಮಾಡಿದರು. ಈಗ ಆ ಮಗು ಲೆಕ್ಕದಲ್ಲಿ ಎರಡು ಮಗು. ಒಂದಕ್ಕೆ ಅರ್ಧ ಲಸಿಕೆ ಆಗಿದೆ, ಇನ್ನೊಂದಕ್ಕೆ ಉಳಿದರ್ಧ. ಕೂಲಿಗೆ ಊರೂರು ಹೋಗುವವರ ಲೆಕ್ಕವೇ ಮೊದಲು ತಪ್ಪುತ್ತದೆ, ಕಾಯಿಲೆ ಮೊದಲು ಹಿಡಿಯುವುದೂ ಅವರನ್ನೇ. ಅಮೆರಿಕದ ದಡಾರದ ಕಥೆಯಲ್ಲೂ ಆದದ್ದು ಇದೇ.

ಈಗ ಮಂಗನ ಕಾಯಿಲೆಗೆ ಬರೋಣ. ನಮಗೆ ಈ ವಿಷಯದಲ್ಲಿ ಸ್ವಲ್ಪ ಸಿಟ್ಟೂ ಇದೆ.

ಮಲೆನಾಡಿನಲ್ಲಿ 1990ರಿಂದ ಮಂಗನ ಕಾಯಿಲೆಗೆ ಲಸಿಕೆ ಹಾಕುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಕೆಲವು ತಿಂಗಳ ಬಳಿಕ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಮತ್ತೆ ಮತ್ತೆ. ಚುಚ್ಚಿದ ಜಾಗ ಉರಿಯುತ್ತಿತ್ತು. ಒಂದು ಹಾಕಿಸಿಕೊಂಡವರು ಎರಡನೆಯದಕ್ಕೆ ತೋಟದ ಕಡೆ ನಡೆಯುತ್ತಿದ್ದರು. 2018ರ ಕೊನೆಗೆ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಜೋರಾದಾಗ ಲಸಿಕೆ ಪಡೆದವರಿಗೂ ಬಂದ ಉದಾಹರಣೆಗಳಿದ್ದವು. ಲಸಿಕೆಯ ಶಕ್ತಿ ಸಾಲದು ಎಂದಾಗಿ 2022ರಲ್ಲಿ ಅದನ್ನು ನಿಲ್ಲಿಸಿದರು. ಐಸಿಎಂಆರ್ ಮುಂದಾಳತ್ವದಲ್ಲಿ ಹೊಸ ಲಸಿಕೆಯ ಕೆಲಸ ನಡೆದಿದೆ. ಅಲ್ಲಿಯವರೆಗೆ ನಮಗಿರುವುದು ಕೈಕಾಲಿಗೆ ಹಚ್ಚುವ ಡೇಪಾ ಎಣ್ಣೆ ಮತ್ತು ಮಂಗ ಸತ್ತರೆ ಫೋನ್ ಮಾಡಿ ಎಂಬ ಪೋಸ್ಟರ್.

ಹೊಸ ಲಸಿಕೆ ಬಂದ ದಿನ ಮೊದಲ ಪ್ರಶ್ನೆ ಏನಿರುತ್ತದೆ? ಯಾರಿಗೆ ಮೊದಲು? ಹಳೆಯ ಲಸಿಕೆ ಯಾರಿಗೆ ಎಷ್ಟು ಡೋಸ್ ಆಗಿತ್ತು? ಯಾರಿಗೆ ಕಾಯಿಲೆಯೇ ಬಂದು ಹೋಗಿದೆ? ಈ ಪ್ರಶ್ನೆಗಳ ಉತ್ತರ ಉಪಕೇಂದ್ರಗಳ ಕಪಾಟಿನಲ್ಲಿರುವ ಉದ್ದನೆಯ ನೋಟು ಪುಸ್ತಕಗಳಲ್ಲಿದೆ. ನಾವು ನೋಡಿದ ಒಂದು ಪುಸ್ತಕಕ್ಕೆ ಗೆದ್ದಲು ಹಿಡಿದಿತ್ತು. ಇನ್ನೊಂದರಲ್ಲಿ "ಸುಬ್ಬಮ್ಮ, 45, ಮೇಲಿನಕೇರಿ" ಎಂಬ ಬಗೆಯ ಸಾಲುಗಳೇ, ಗಂಡನ ಹೆಸರೂ ಇಲ್ಲ, ಮನೆ ಹೆಸರೂ ಇಲ್ಲ. ಆ ಕೇರಿಯಲ್ಲಿ ಸುಬ್ಬಮ್ಮಂದಿರು ಮೂರು ಜನ ಇದ್ದಾರೆಂದು ಅಲ್ಲಿಯ ಆಶಾ ಅಕ್ಕನೇ ನಕ್ಕರು. ಮೂವತ್ತು ವರ್ಷ ಉರಿ ಸಹಿಸಿ ಜನ ತೋಳು ಕೊಟ್ಟ ಲೆಕ್ಕ ಅದು. ಯು-ವಿನ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ, ಯಾಕೆಂದರೆ ಕಾಡಿಗೆ ಹೋಗುವವರು 16 ದಾಟಿದವರು.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2008ರಲ್ಲೇ ಜೈವಿಕ ವಿಪತ್ತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ ಭಯೋತ್ಪಾದನೆಯ ಪ್ರಸ್ತಾಪವೂ ಇದೆ. ಕಾಗದ ಇಲ್ಲದ್ದು ನಮ್ಮ ಸಮಸ್ಯೆ ಅಲ್ಲವೇ ಅಲ್ಲ. ಭದ್ರತಾ ಪಟ್ಟಿಯಲ್ಲಿರುವ ವೈರಸ್ಸಿನ ತವರೂರಿನಲ್ಲಿ, ವರ್ಷ ವರ್ಷ ತಾನಾಗಿಯೇ ಬರುವ ಕಾಯಿಲೆಗೆ ಹೆಸರಿನ ಪಟ್ಟಿ ಸರಿಯಾಗಿ ಇಡಲಾಗದಿದ್ದರೆ, ಯಾರೋ ಎಂದೋ ತರಬಹುದಾದ ಕಾಯಿಲೆಗೆ ಹೇಗೆ ಇಟ್ಟಾರು?

ಹಾಗಾದರೆ ಎಲ್ಲವನ್ನೂ ಆಧಾರ್‌ಗೆ ಜೋಡಿಸಿ ಭದ್ರತಾ ಇಲಾಖೆಗೆ ಕೊಟ್ಟುಬಿಡಿ ಎನ್ನುತ್ತೀರಾ? ಇದಕ್ಕೆ ನಮ್ಮ ಉತ್ತರ ಖಡಾಖಂಡಿತವಾಗಿ ಬೇಡ.

2011ರಲ್ಲಿ ಪಾಕಿಸ್ತಾನದ ಅಬೊಟಾಬಾದಿನಲ್ಲಿ ಬಿನ್ ಲಾಡೆನ್ ಅಡಗಿದ್ದಾನೆಂಬ ಅನುಮಾನದ ಮೇಲೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅಲ್ಲಿ ಹೆಪಟೈಟಿಸ್ ಬಿ ಲಸಿಕೆಯ ನಾಟಕ ಆಡಿಸಿತು. ಒಬ್ಬ ವೈದ್ಯನನ್ನು ಹಿಡಿದು, ಲಸಿಕೆ ಹಾಕುವ ನೆಪದಲ್ಲಿ ಆ ಮನೆಯ ಮಕ್ಕಳ ರಕ್ತದ ಗುರುತು ತೆಗೆಯುವ ಸಂಚು. ಸುದ್ದಿ ಹೊರಬಿತ್ತು. ಮೊದಲೇ ಅನುಮಾನವಿದ್ದ ಜನ ಪೋಲಿಯೊ ಹನಿಗೂ ಬಾಗಿಲು ಹಾಕಿದರು. 2012ರ ಡಿಸೆಂಬರ್‌ನಲ್ಲಿ ಪೋಲಿಯೊ ಹನಿ ಹಾಕಲು ಹೋದ ಹೆಣ್ಣುಮಕ್ಕಳನ್ನು ಗುಂಡಿಟ್ಟು ಕೊಂದರು. ನಮ್ಮ ಆಶಾ ಕಾರ್ಯಕರ್ತೆಯರಂಥವರೇ ಅವರು, ದಿನಗೂಲಿಗೆ ಮನೆ ಮನೆ ತಿರುಗುವವರು. ಇನ್ನು ಮುಂದೆ ಲಸಿಕೆ ಕಾರ್ಯಕ್ರಮವನ್ನು ಬೇಹುಗಾರಿಕೆಗೆ ಬಳಸುವುದಿಲ್ಲ ಎಂದು ಅಮೆರಿಕ 2014ರಲ್ಲಿ ಮಾತು ಕೊಟ್ಟಿತು. ಕೊಟ್ಟರೇನು, ಮುರಿದ ನಂಬಿಕೆಯ ಬೆಲೆಯನ್ನು ಕಟ್ಟಿದ್ದು ಆ ಹೆಣ್ಣುಮಕ್ಕಳು.

ಸಿಂಗಪುರದಂಥ ಶಿಸ್ತಿನ ದೇಶದಲ್ಲೂ ಕೋವಿಡ್ ಸಂಪರ್ಕ ಪತ್ತೆಯ ಆ್ಯಪ್ ಬೇರೆ ಯಾವುದಕ್ಕೂ ಅಲ್ಲ ಎಂದಿದ್ದ ಸರ್ಕಾರ, ಪೊಲೀಸರು ಅದರ ಮಾಹಿತಿ ಕೇಳಬಹುದು ಎಂದು 2021ರ ಜನವರಿಯಲ್ಲಿ ಒಪ್ಪಿಕೊಂಡಿತು. ನಮ್ಮಲ್ಲಿ 2023ರ ಮಾಹಿತಿ ರಕ್ಷಣಾ ಕಾನೂನು ದೇಶದ ಭದ್ರತೆಯ ಹೆಸರಿನಲ್ಲಿ ಸರ್ಕಾರ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಬಾಗಿಲು ತೆರೆದಿಟ್ಟಿದೆ. ಜೈವಿಕ ಭಯೋತ್ಪಾದನೆ ಎಂಬ ಪದ ಆ ಬಾಗಿಲಿಗೆ ಸರಿಯಾಗಿ ಹೊಂದುವ ಕೀಲಿ ಎಂಬುದೇ ನಮ್ಮ ಆತಂಕ. ಅದಕ್ಕೇ ಲಸಿಕೆ ರಿಜಿಸ್ಟರ್ ಆರೋಗ್ಯ ಇಲಾಖೆಯ ಕೈಯಲ್ಲೇ ಇರಬೇಕು. ಪೊಲೀಸರು, ಪಡಿತರದವರು, ಮತದಾರರ ಪಟ್ಟಿಯವರು, ಯಾರೂ ಅದನ್ನು ಮುಟ್ಟಬಾರದು ಎಂದು ಆ ರಿಜಿಸ್ಟರಿಗೇ ಒಂದು ಕಾನೂನು ಬೇಕು. ಗುಡ್ಡದಾಚೆಯ ಹಾಡಿಯವರು, ಶುಂಠಿ ಕೆಲಸಕ್ಕೆ ಬಂದ ಹೊರರಾಜ್ಯದವರು "ಹೆಸರು ಕೊಟ್ಟರೆ ಓಡಿಸುತ್ತಾರೆ" ಎಂದು ಹೆದರಿದ ದಿನ ಆ ಪುಸ್ತಕಕ್ಕೆ ತೂತು ಬೀಳುತ್ತದೆ. ರೋಗಾಣು ನುಗ್ಗುವುದು ಆ ತೂತಿನಿಂದಲೇ.

ರಿಜಿಸ್ಟರ್ ಒಂದಿದ್ದರೆ ಎಲ್ಲ ಬಗೆಹರಿಯಿತು ಎಂದೂ ನಾವು ಹೇಳುತ್ತಿಲ್ಲ. ದಾಳಿಗೆ ಬಳಸಬಹುದಾದ ಹಲವು ಅಣುಗಳಿಗೆ ಸಾಮಾನ್ಯ ಜನರಿಗೆ ಹಾಕುವ ಲಸಿಕೆಯೇ ಇಲ್ಲ. ಆದರೂ ಹೆಸರು, ವಯಸ್ಸು, ಮನೆ, ಫೋನ್, ಗರ್ಭಿಣಿಯೋ ಅಲ್ಲವೋ ಎಂಬ ಪಟ್ಟಿ ಮಾತ್ರೆ ಹಂಚಲೂ ಬೇಕು, ತಾಲೂಕಿಗೆ ಎಷ್ಟು ಡೋಸ್ ಕಳಿಸಬೇಕು ಎಂದು ಲೆಕ್ಕ ಹಾಕಲೂ ಬೇಕು.

ಮಾಡಬೇಕಾದದ್ದು ದೊಡ್ಡ ದುಡ್ಡಿನ ಕೆಲಸವಲ್ಲ. ಯು-ವಿನ್‌ನಲ್ಲಿ ದೊಡ್ಡವರಿಗೂ ಪುಟ ತೆರೆಯಲಿ, ಮಿಷಿಗನ್ ರಾಜ್ಯದಲ್ಲಿ ಮಕ್ಕಳ ರಿಜಿಸ್ಟರ್ ಆಗಿ ಶುರುವಾದದ್ದು ಎಲ್ಲ ವಯಸ್ಸಿನವರದ್ದಾದಂತೆ. ಒಂದೇ ಮಗು ಎರಡು ಕಡೆ ದಾಖಲಾಗಿದ್ದರೆ ಸೇರಿಸುವ ಅಧಿಕಾರ ಉಪಕೇಂದ್ರದ ಮಟ್ಟದಲ್ಲೇ ಸಿಗಲಿ. ಮೂರು ಸಲ ಬರೆಸುವುದು ನಿಲ್ಲಲಿ, ಆಶಾ ಪ್ರೋತ್ಸಾಹಧನಕ್ಕೂ ಪೋರ್ಟಲಿನ ಮರ್ಜಿಗೂ ಇರುವ ಗಂಟು ಬಿಚ್ಚಲಿ. ಸರ್ವರ್ ಮಲಗಿದ ದಿನಕ್ಕೆಂದು ತಿಂಗಳಿಗೊಮ್ಮೆ ಊರಿನ ಪಟ್ಟಿಯ ಮುದ್ರಿತ ಪ್ರತಿ ಬೀಗದ ಕಪಾಟಿನಲ್ಲಿ ಇರಲಿ.

ಮಲೆನಾಡಿನವರು ಇನ್ನೊಂದನ್ನು ಕೇಳಬೇಕು. ಮಂಗನ ಕಾಯಿಲೆಯ ಕಾಲ ಸುಮಾರಾಗಿ ಡಿಸೆಂಬರ್‌ನಿಂದ ಮೇವರೆಗೆ. ಮಳೆಗಾಲದಲ್ಲಿ ಉಣ್ಣೆ ಕಡಿಮೆ, ಆ ಸಿಬ್ಬಂದಿಗೆ ತುಸು ಬಿಡುವು. ಈ ಮಳೆಗಾಲದಲ್ಲೇ ಹಳೆಯ ಲಸಿಕೆ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ, ಆಶಾ ಅಕ್ಕಂದಿರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೂಲಿ ಕೊಟ್ಟು, ಒಂದೊಂದೇ ಹೆಸರು ಕಂಪ್ಯೂಟರಿಗೆ ಏರಿಸಲಿ. ಮೂವರು ಸುಬ್ಬಮ್ಮಂದಿರಲ್ಲಿ ಯಾರಿಗೆ ಡೋಸ್ ಆಗಿದೆ ಎಂದು ನೆನಪಿನಿಂದ ಹೇಳಬಲ್ಲವರು ಅವರೊಬ್ಬರೇ, ಅವರಲ್ಲಿ ಹಲವರಿಗೆ ಕೆಲಸ ಬಿಡುವ ವಯಸ್ಸು ಹತ್ತಿರವಾಗುತ್ತಿದೆ. ಮುಂದಿನ ಗ್ರಾಮಸಭೆಗೆ ಆರೋಗ್ಯ ಇಲಾಖೆಯವರು ಬಂದಾಗ ನಮ್ಮೂರಿನ ಆ ಪುಸ್ತಕ ಈಗ ಎಲ್ಲಿದೆ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.